ವಿಡಿಯೋ ನೋಡಿ ಮನೆಯಲ್ಲೇ ಮಧ್ಯಮ ಹಂತದ ಯೋಗ: ಎಡವದೆ ಮಾಡುವುದು ಹೇಗೆ

ಆರು ತಿಂಗಳೋ ಒಂದು ವರ್ಷವೋ ಆರಂಭದ ಹಂತದ ವಿಡಿಯೋ ಹಾಕಿಕೊಂಡು ಯೋಗ ಮಾಡಿದವರು ಸಿಕ್ಕಾಗಲೆಲ್ಲ ಒಂದೇ ದೂರು ಹೇಳುತ್ತಾರೆ. "ಮುಂದಿನ ಹಂತಕ್ಕೆ ಹೋದೆ, ಎರಡೇ ವಾರಕ್ಕೆ ಹೆಗಲು ಹಿಡ್ಕೊಂಡ್ತು." ಹೆಗಲಲ್ಲದಿದ್ದರೆ ಮಣಿಕಟ್ಟು, ಅದೂ ಅಲ್ಲದಿದ್ದರೆ ಕುತ್ತಿಗೆ. ಹೇಗೆ ಮಾಡ್ತೀರಿ ಅಂತ ಕೇಳಿದರೆ ಉತ್ತರವೂ ಒಂದೇ. ಮ್ಯಾಟ್ ಹಾಸುವುದು, ವಿಡಿಯೋ ಒತ್ತುವುದು, ಅದು ಓಡಿದ ಹಾಗೆ ಅದರ ಹಿಂದೆ ಓಡುವುದು.

ಆರಂಭದ ಆಸನಗಳಲ್ಲಿ ಇದು ನಡೆಯುತ್ತದೆ. ತಾಡಾಸನದಲ್ಲಿ ನಿಂತು ಕತ್ತು ತಿರುಗಿಸಿ ಪರದೆ ನೋಡಿದರೆ ಏನೂ ಆಗುವುದಿಲ್ಲ. ಮಧ್ಯಮ ಹಂತದಲ್ಲಿ ಮೈಭಾರ ಕೈ ಮೇಲೆ, ಹೆಗಲ ಮೇಲೆ ಬೀಳುತ್ತದೆ. ತಲೆ ಕೆಳಗಿರುತ್ತದೆ. ಆಗ ಪರದೆ ಕಡೆ ಕಣ್ಣು ಹಾಯಿಸುವುದೇ ಪೆಟ್ಟಿಗೆ ದಾರಿ. ಹಾಗಾಗಿ ವಿಡಿಯೋ ನೋಡುವ ಹೊತ್ತು ಬೇರೆ, ಆಸನ ಮಾಡುವ ಹೊತ್ತು ಬೇರೆ ಇಟ್ಟುಕೊಳ್ಳಿ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ ಇವೆ.

ಇನ್ನೊಂದು ಮಾತು. ಬಿಪಿ ಜಾಸ್ತಿ ಇರುವವರು, ಗ್ಲಾಕೋಮಾ ಅಥವಾ ಕಣ್ಣಿನ ರೆಟಿನಾ ತೊಂದರೆ ಇರುವವರು, ಕುತ್ತಿಗೆ ಅಥವಾ ಬೆನ್ನಿನ ಡಿಸ್ಕ್ ಸರಿದವರು, ಗರ್ಭಿಣಿಯರು, ಈಚೆಗೆ ಆಪರೇಷನ್ ಆದವರು ವಿಡಿಯೋ ನೋಡಿ ಈ ಹಂತಕ್ಕೆ ಇಳಿಯಬೇಡಿ. ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಎದುರಿಗೆ ನಿಂತು ಕಲಿಸುವ ಗುರುಗಳ ಹತ್ತಿರ ಹೋಗಿ.

## ಹಂತ 1: ನೀವು ಸಿದ್ಧರಿದ್ದೀರಾ, ನೋಡಿಕೊಳ್ಳಿ

ಎಷ್ಟು ತಿಂಗಳಿಂದ ಮಾಡುತ್ತಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ. ನಾನು ಹೇಳುವ ಪರೀಕ್ಷೆ ಇಷ್ಟೇ. ಆರು ಸುತ್ತು ಸೂರ್ಯನಮಸ್ಕಾರ ಮಾಡಿ, ನಿಂತ ತಕ್ಷಣ ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಲು ಆಗಬೇಕು. ಪ್ಲ್ಯಾಂಕ್‌ನಲ್ಲಿ ಅಂದರೆ ಅಂಗೈ, ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗಿಟ್ಟು, ಸೊಂಟ ಜೋತು ಬೀಳದಂತೆ 45 ಸೆಕೆಂಡ್ ನಿಲ್ಲಬೇಕು. ಅಧೋಮುಖ ಶ್ವಾನಾಸನದಲ್ಲಿ (ಕೈ, ಪಾದ ಊರಿ ಸೊಂಟ ಮೇಲೆತ್ತಿ ನಿಲ್ಲುವುದು) ಹತ್ತು ಉಸಿರು ಇರಬೇಕು. ಹಿಮ್ಮಡಿ ನೆಲಕ್ಕೆ ತಾಗಬೇಕಿಲ್ಲ, ಮಂಡಿ ಸ್ವಲ್ಪ ಮಡಿಸಿದ್ದರೂ ಪರವಾಗಿಲ್ಲ, ಬೆನ್ನು ಮಾತ್ರ ಗೂನಾಗಬಾರದು.

ಮೂರರಲ್ಲಿ ಒಂದು ಆಗದಿದ್ದರೂ ಇನ್ನೊಂದು ತಿಂಗಳು ಹಳೆಯ ವಿಡಿಯೋದಲ್ಲೇ ಇರಿ. ಪಾದ ಮುಟ್ಟಲು ಆಗುತ್ತದೋ ಇಲ್ಲವೋ ಅಂತ ನಾನು ಕೇಳಲೇ ಇಲ್ಲ ಗಮನಿಸಿ. ಮೈ ಬಾಗುವುದು ನಿಧಾನಕ್ಕೆ ಬರುತ್ತದೆ. ಬಲ ಇಲ್ಲದೆ ಮುಂದೆ ಹೋದವರಿಗೇ ಪೆಟ್ಟು ಜಾಸ್ತಿ.

## ಹಂತ 2: ಜಾಗ ಮತ್ತು ಸಾಮಾನು

ಎರಡೂ ಕೈ ಪಕ್ಕಕ್ಕೆ ಚಾಚಿ ಸುತ್ತಿದರೆ ಏನೂ ತಗಲಬಾರದು, ಅಷ್ಟು ಜಾಗ ಸಾಕು. ಒಂದು ಬದಿ ಖಾಲಿ ಗೋಡೆ ಇರಲೇಬೇಕು. ಕ್ಯಾಲೆಂಡರ್, ಫೋಟೋ, ಸ್ವಿಚ್‌ಬೋರ್ಡ್ ಇಲ್ಲದ ಗೋಡೆ.

ಚಾಪೆ, ಜಮಖಾನ ಈ ಹಂತಕ್ಕೆ ಆಗುವುದಿಲ್ಲ. ಮೊಸಾಯಿಕ್ ಅಥವಾ ಟೈಲ್ಸ್ ನೆಲದಲ್ಲಿ ಜಾರುತ್ತವೆ. ಜಾರದ ರಬ್ಬರ್ ಮ್ಯಾಟ್ ತನ್ನಿ, 4ರಿಂದ 6 ಮಿಲಿಮೀಟರ್ ದಪ್ಪದ್ದು. "ಮಂಡಿಗೆ ಮೆತ್ತಗಿರಲಿ" ಅಂತ 10 ಮಿಲಿಮೀಟರಿನದ್ದು ತಂದರೆ ಒಂಟಿಕಾಲಲ್ಲಿ ನಿಲ್ಲುವಾಗ ಪಾದ ತೇಲುತ್ತದೆ, ಕೈ ಮೇಲೆ ಭಾರ ಹಾಕಿದಾಗ ಮಣಿಕಟ್ಟು ಹಿಂದಕ್ಕೆ ಮುರಿದಂತಾಗುತ್ತದೆ. ಮಂಡಿ ನೋಯುವ ಆಸನಕ್ಕೆ ಕಂಬಳಿ ಮಡಿಸಿ ಇಟ್ಟುಕೊಂಡರಾಯಿತು.

ಉಳಿದದ್ದು: ಎರಡು ಯೋಗದ ಇಟ್ಟಿಗೆ, ಬಕಲ್ ಇರುವ ಒಂದು ಹತ್ತಿ ಬೆಲ್ಟ್, ಗಟ್ಟಿ ಕಂಬಳಿ ಮೂರು, ಒಂದು ದಿಂಬು. ಕಾಲಿಗೆ ಹಾಕಿ ಎಳೆದುಕೊಳ್ಳಲು ಹಳೆಯ ಪಂಚೆ ಸಾಕು. ಆದರೆ ಮುಂದೆ ಹೇಳುವ ಚತುರಂಗಕ್ಕೆ (ಪ್ಲ್ಯಾಂಕ್‌ನಿಂದ ಮೊಣಕೈ ಮಡಿಸಿ ಅರ್ಧಕ್ಕೆ ಇಳಿಯುವ ಆಸನ) ಬೆಲ್ಟೇ ಬೇಕು, ಪಂಚೆ ಜಗ್ಗುತ್ತದೆ.

ಹೊಟ್ಟೆ ಖಾಲಿ ಇರಬೇಕು. ಊಟವಾಗಿ ಮೂರ್ನಾಲ್ಕು ಗಂಟೆ, ತಿಂಡಿಯಾಗಿ ಎರಡು ಗಂಟೆ ಆಗಿರಲಿ. ಅರ್ಧ ಲೋಟ ಕಾಫಿ ಕುಡಿದು ಮಾಡುವವರಿದ್ದಾರೆ. ನಾನೂ ಅವರಲ್ಲೊಬ್ಬ, ಹಾಗಾಗಿ ಅದರ ಬಗ್ಗೆ ಏನೂ ಹೇಳುವುದಿಲ್ಲ.

## ಹಂತ 3: ವಿಡಿಯೋ ಆರಿಸುವುದು

'ಮಧ್ಯಮ ಹಂತ' ಅಂತ ಹೆಸರಿಟ್ಟಿದ್ದೆಲ್ಲ ಒಂದೇ ಅಲ್ಲ. ಆ ಹೆಸರು ಇಟ್ಟವರು ಅದನ್ನು ಹಾಕಿದವರು, ಅಷ್ಟೇ. ಮೂರು ವಿಷಯ ನೋಡಿ.

ಒಂದು, ಕಲಿಸುವವರು ಉಸಿರು ಹೇಳುತ್ತಾರಾ? ಯಾವಾಗ ತೆಗೆದುಕೊಳ್ಳಬೇಕು, ಯಾವಾಗ ಬಿಡಬೇಕು ಅಂತ ಹೇಳದೆ ಬರೀ ಸಂಗೀತ ಹಾಕಿದ್ದರೆ ಬಿಟ್ಟುಬಿಡಿ. ಎರಡು, ಪ್ರತಿ ಕಷ್ಟದ ಆಸನಕ್ಕೂ ಒಂದು ಹಗುರವಾದ ರೂಪ ತೋರಿಸುತ್ತಾರಾ? ಮೂರು, ಆಸನದಿಂದ ಹೊರಗೆ ಬರುವುದನ್ನೂ ತೋರಿಸುತ್ತಾರಾ? ಒಳಗೆ ಹೋಗುವುದನ್ನು ಎಲ್ಲರೂ ತೋರಿಸುತ್ತಾರೆ. ಹೊರಗೆ ಬರುವಾಗಲೇ ಬೆನ್ನು ಉಳುಕುವುದು.

30ರಿಂದ 45 ನಿಮಿಷದ್ದು ಸಾಕು. ಒಂದೇ ಒಂದು ವಿಡಿಯೋ ಆರಿಸಿ ಅದರ ಜೊತೆ ಕನಿಷ್ಠ ನಾಲ್ಕು ವಾರ ಇರಿ. ದಿನಕ್ಕೊಂದು ಹೊಸ ವಿಡಿಯೋ ಹಾಕುವವರಿಗೆ ಕ್ರಮ ಬಾಯಿಪಾಠ ಆಗುವುದೇ ಇಲ್ಲ. ಬಾಯಿಪಾಠ ಆಗದಿದ್ದರೆ ಕಣ್ಣು ಪರದೆ ಬಿಡುವುದಿಲ್ಲ.

## ಹಂತ 4: ಮ್ಯಾಟ್ ಹಾಸದೆ ಒಮ್ಮೆ ಪೂರ್ತಿ ನೋಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಸೋಫಾದಲ್ಲಿ ಕೂತು, ಪೆನ್ನು ಕಾಗದ ಹಿಡಿದು ವಿಡಿಯೋ ಪೂರ್ತಿ ನೋಡಿ. ಆಸನಗಳ ಹೆಸರನ್ನು ಬಂದ ಕ್ರಮದಲ್ಲೇ ಬರೆಯಿರಿ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ ಬರೆದ ನನ್ನ ಚೀಟಿ ಹೀಗಿದೆ:

ಸೂರ್ಯನಮಸ್ಕಾರ 5
ವೀರಭದ್ರ 2: ಬಲ, ಎಡ
ತ್ರಿಕೋನ: ಇಟ್ಟಿಗೆ
ಪರಿವೃತ್ತ ತ್ರಿಕೋನ: ಹಿಂದಿನ ಹಿಮ್ಮಡಿ ಒತ್ತು!
ಬಕ: ದಿಂಬು
ಉಷ್ಟ್ರ: ಗೋಡೆ
ಪಶ್ಚಿಮೋತ್ತಾನ
ಸೇತುಬಂಧ
ಶವ

ಒಂದೇ ಚೀಟಿ ಸಾಲುವುದಿಲ್ಲ. ಒಂದನ್ನು ಮುಂದಿನ ಗೋಡೆಗೆ ಕಣ್ಣಿನ ಎತ್ತರಕ್ಕೆ ಅಂಟಿಸಿ. ಇನ್ನೊಂದನ್ನು ಹಿಂದಿನ ಗೋಡೆಗೆ, ನೆಲದಿಂದ ಒಂದು ಅಡಿ ಮೇಲೆ, ತಲೆಕೆಳಗಾಗಿ ಅಂಟಿಸಿ. ಅಧೋಮುಖ ಶ್ವಾನಾಸನದಲ್ಲಿ ಕಾಲುಗಳ ನಡುವಿನಿಂದ ಕಣ್ಣು ಹೋಗುವುದು ಅಲ್ಲಿಗೇ. ತಲೆ ಕೆಳಗಿರುವಾಗ ಆ ಅಕ್ಷರ ನೆಟ್ಟಗೆ ಕಾಣುತ್ತದೆ. ಮನೆಗೆ ಬಂದವರು "ಇದೇನ್ರೀ ಉಲ್ಟಾ?" ಅಂತ ಕೇಳುತ್ತಾರೆ, ಕೇಳಲಿ.

ನೋಡುವಾಗಲೇ ಬಲ ಎಡದ ಗೊಂದಲವನ್ನೂ ಬಗೆಹರಿಸಿಕೊಳ್ಳಿ. ಕೆಲವರು ನಮಗೆ ಕನ್ನಡಿಯಂತೆ ಕಾಣಲಿ ಅಂತ "ಬಲಗಾಲು" ಎಂದು ಹೇಳಿ ತಮ್ಮ ಎಡಗಾಲು ಇಡುತ್ತಾರೆ. ಕೆಲವರು ಹಾಗೆ ಮಾಡುವುದಿಲ್ಲ. ಬಾಯಲ್ಲಿ ಹೇಳಿದ್ದನ್ನೇ ನಂಬಿ, ಚೀಟಿಯಲ್ಲಿ ಅದನ್ನೇ ಬರೆಯಿರಿ.

ವಿಡಿಯೋ ಇಂಗ್ಲಿಷ್ ಅಥವಾ ಹಿಂದಿಯದಾಗಿದ್ದರೆ ಮುಖ್ಯ ಸೂಚನೆಗಳನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. "ಹೆಗಲು ಕಿವಿಯಿಂದ ದೂರ", "ಹೊಕ್ಕುಳು ಒಳಗೆ", "ಮಂಡಿ ಕಿರುಬೆರಳ ಕಡೆ". ಮೈ ನಡುಗುತ್ತಿರುವಾಗ ಮನಸ್ಸು ಅನುವಾದ ಮಾಡುವುದಿಲ್ಲ.

## ಹಂತ 5: ಫೋನನ್ನು ಪಳಗಿಸಿ

ಮೊದಲ ವಾರ ವಿಡಿಯೋ ಎದುರಿಗಿರಲಿ. ಫೋನನ್ನು ನೆಲದ ಮೇಲಿಡಬೇಡಿ, ಪ್ರತಿ ಸಲ ಕತ್ತು ಬಗ್ಗಿಸಬೇಕಾಗುತ್ತದೆ. ಮ್ಯಾಟಿನ ಉದ್ದದ ಬದಿಗೆ, ಐದಾರು ಅಡಿ ದೂರದಲ್ಲಿ, ಕುರ್ಚಿಯ ಮೇಲೆ ಇಡಿ. ಟಿವಿಗೆ ಹಾಕಿದರೆ ಇನ್ನೂ ಒಳ್ಳೆಯದು. ವೇಗವನ್ನು 0.75ಕ್ಕೆ ಇಳಿಸಿ. ಗುರುಗಳ ದನಿ ನಿದ್ದೆಗಣ್ಣಲ್ಲಿ ಮಾತಾಡಿದಂತೆ ಕೇಳುತ್ತದೆ, ಆದರೆ ನಿಮ್ಮ ಉಸಿರಿಗೆ ಜಾಗ ಸಿಗುತ್ತದೆ. ಆಗುವುದಾದರೆ ಮೊದಲೇ ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡ್ ಹಾಕಿ. ಶವಾಸನದ ನಡುವೆ ಸಾಲದ ಆ್ಯಪ್‌ನ ಜಾಹೀರಾತು ಕಿರುಚಿದರೆ ಇಡೀ ಅಭ್ಯಾಸ ವ್ಯರ್ಥ.

ಎರಡನೇ ವಾರ ಫೋನನ್ನು ಬೋರಲು ಹಾಕಿ. ಬರೀ ದನಿ ಕೇಳಿ ಮಾಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಆಸನದಿಂದ ಹೊರಗೆ ಬನ್ನಿ, ಫೋನ್ ಎತ್ತಿ ನೋಡಿ, ಮತ್ತೆ ಬೋರಲು ಹಾಕಿ. ಮೂರನೇ ವಾರ ಚೀಟಿ ಮಾತ್ರ.

ಮೈಸೂರಿನ ಅಷ್ಟಾಂಗ ಪದ್ಧತಿಯಲ್ಲಿ ನಡೆಯುವುದೂ ಇದೇ. ವಿದ್ಯಾರ್ಥಿ ಆಸನಗಳ ಕ್ರಮ ನೆನಪಿಟ್ಟುಕೊಂಡು ತನ್ನ ಉಸಿರಿನ ಲೆಕ್ಕದಲ್ಲಿ ಮಾಡುತ್ತಾ ಹೋಗುತ್ತಾನೆ, ಗುರು ನಡುವೆ ಓಡಾಡಿ ತಿದ್ದುತ್ತಾರೆ. ಇರುವ ಆಸನ ಗಟ್ಟಿಯಾದ ಮೇಲೆ ಮಾತ್ರ ಇನ್ನೊಂದು ಕೊಡುತ್ತಾರೆ. ತಿದ್ದುವವರು ನಮ್ಮ ಮನೆಯಲ್ಲಿ ಇಲ್ಲ, ಅದಕ್ಕೆ ಬೇರೆ ದಾರಿ ಹಂತ 8ರಲ್ಲಿದೆ.

## ಹಂತ 6: ಮೈ ಬಿಸಿ ಮಾಡಿಕೊಳ್ಳಿ

ವಿಡಿಯೋದಲ್ಲಿ ಎರಡೇ ನಿಮಿಷ ಇದ್ದರೂ ನೀವು ಹತ್ತು ನಿಮಿಷ ಕೊಡಿ. ಮಾರ್ಜಾಲಾಸನ (ಮಂಡಿ, ಅಂಗೈ ಊರಿ ಬೆನ್ನನ್ನು ಮೇಲೆ ಕೆಳಗೆ ಬಾಗಿಸುವುದು) ಹತ್ತು ಸಲ, ಮಣಿಕಟ್ಟು ಎರಡೂ ಕಡೆ ತಿರುಗಿಸುವುದು, ಹೆಗಲು ಸುತ್ತುವುದು, ಆಮೇಲೆ ನಿಧಾನಕ್ಕೆ ಮೂರು ಸೂರ್ಯನಮಸ್ಕಾರ. ಬೆಳಿಗ್ಗೆ ಮೈ ಬಿಗಿಯಾಗಿರುತ್ತದೆ, ಚಳಿಗಾಲದಲ್ಲಂತೂ ಇನ್ನೂ ಹೆಚ್ಚು. ಸಂಜೆ ಸಲೀಸಾಗಿ ಆದದ್ದು ಬೆಳಿಗ್ಗೆ ಆಗಲಿಲ್ಲ ಅಂತ ಎಳೆದಾಡಬೇಡಿ.

## ಹಂತ 7: ಎಲ್ಲರೂ ಎಡವುವ ನಾಲ್ಕು ಆಸನ

### ಚತುರಂಗ ದಂಡಾಸನ

ಹೆಗಲು ನೋವಿನ ಮೂಲ ಹೆಚ್ಚಾಗಿ ಇಲ್ಲೇ. ನಾನು ದಿನಾ ಮಾಡುತ್ತಿದ್ದ 40 ನಿಮಿಷದ ಒಂದು ವಿಡಿಯೋದಲ್ಲಿ ಎಣಿಸಿ ನೋಡಿದೆ, 22 ಸಲ ಚತುರಂಗ ಬಂತು. ತಪ್ಪಾಗಿ 22 ಸಲ ಮಾಡಿದರೆ ಹೆಗಲು ಏನಾಗಬೇಕು ಹೇಳಿ.

ಪ್ಲ್ಯಾಂಕ್‌ನಿಂದ ಮೊದಲು ಎದೆಯನ್ನು ಸ್ವಲ್ಪ ಮುಂದಕ್ಕೆ ತನ್ನಿ. ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಇಳಿಯಿರಿ. ಹೆಗಲು ಮೊಣಕೈಯ ಮಟ್ಟಕ್ಕೆ ಬಂದಾಗ ನಿಲ್ಲಿ. ಅದಕ್ಕಿಂತ ಒಂದು ಅಂಗುಲವೂ ಕೆಳಗೆ ಬೇಡ. ಹೆಗಲು ಮುಂದಕ್ಕೆ ಕುಸಿದು ನೆಲದ ಕಡೆ ಮುಗ್ಗರಿಸಿದರೆ ಕೀಲಿನ ಮುಂಭಾಗಕ್ಕೆ ಪೆಟ್ಟು.

ಸರಿಯಾದ ಎತ್ತರ ಗೊತ್ತಾಗಲು ಬೆಲ್ಟ್ ಬಳಸಿ. ಹೆಗಲಿನಷ್ಟು ಅಗಲಕ್ಕೆ ಕುಣಿಕೆ ಮಾಡಿ, ಎರಡೂ ತೋಳಿಗೆ ಮೊಣಕೈಗಿಂತ ಸ್ವಲ್ಪ ಮೇಲೆ ಹಾಕಿಕೊಳ್ಳಿ. ಇಳಿಯುವಾಗ ಪಕ್ಕೆಲುಬು ಬೆಲ್ಟಿನ ಮೇಲೆ ಬಂದು ಕೂರುತ್ತದೆ. ಅದೇ ನಿಮ್ಮ ಗಡಿ. ಮೊಣಕೈ ಹೊರಗೆ ಹೋಗಲು ಬಿಡುವುದೂ ಇಲ್ಲ. ವಾರದಲ್ಲಿ ಎರಡು ದಿನ, ದಿನಕ್ಕೆ ಐದು ಸಲ ಹೀಗೆ ಮಾಡಿದರೆ ತೋಳಿಗೆ ನೆನಪಾಗುತ್ತದೆ.

ಅಭ್ಯಾಸದಲ್ಲಿ ಮೊದಲ ಐದಾರು ಚತುರಂಗ ಮಾತ್ರ ಪೂರ್ತಿ ಮಾಡಿ. ಉಳಿದವಕ್ಕೆ ಮಂಡಿ ನೆಲಕ್ಕೆ ಇಡಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

### ಉಷ್ಟ್ರಾಸನ

ಮಂಡಿಯೂರಿ ಹಿಂದಕ್ಕೆ ಬಾಗಿ ಹಿಮ್ಮಡಿ ಹಿಡಿಯುವ ಆಸನ ಇದು. ತಪ್ಪು ಒಂದೇ. ಹಿಮ್ಮಡಿ ಹಿಡಿಯುವ ಆತುರದಲ್ಲಿ ಸೊಂಟ ಹಿಂದಕ್ಕೆ ಹೋಗುವುದು. ಗೋಡೆಗೆ ಮುಖ ಮಾಡಿ, ಕಂಬಳಿಯ ಮೇಲೆ ಮಂಡಿಯೂರಿ, ತೊಡೆ ಗೋಡೆಗೆ ತಾಗಲಿ. ಕಾಲ್ಬೆರಳು ಮಡಿಸಿ ಊರಿ, ಹಿಮ್ಮಡಿ ಮೇಲಕ್ಕೆ ಬರುತ್ತದೆ. ಕೈ ಸೊಂಟದ ಹಿಂದೆ. ಮೊದಲು ಎದೆ ಮೇಲಕ್ಕೆ, ಆಮೇಲೆ ಹಿಂದಕ್ಕೆ. ತೊಡೆ ಗೋಡೆ ಬಿಟ್ಟಿತು ಅಂದರೆ ಅವತ್ತಿಗೆ ಅಷ್ಟೇ ಸಾಕು. ಕೈ ಸೊಂಟದ ಮೇಲೇ ಇರಲಿ.

ಬರುವಾಗ ಎದೆ ಮೊದಲು, ತಲೆ ಕೊನೆಗೆ. ತಲೆ ಮೊದಲು ಎತ್ತಿದರೆ ಕುತ್ತಿಗೆಗೆ ಎಳೆತ. ಸೊಂಟದ ಒಂದೇ ಜಾಗದಲ್ಲಿ ಚಿವುಟಿದಂತಾದರೆ ನೀವು ಅಲ್ಲಿಂದ ಮಾತ್ರ ಬಾಗುತ್ತಿದ್ದೀರಿ ಅಂತ ಅರ್ಥ. ಕಡಿಮೆ ಬಾಗಿ.

### ಬಕಾಸನ

ಎರಡು ಅಂಗೈ ಮೇಲೆ ಇಡೀ ಮೈ ಹೊರುವ ಆಸನ ಇದು. ಮುಂದೆ, ಮೂಗು ಬೀಳುವ ಜಾಗಕ್ಕೆ, ದಿಂಬು ಇಡಿ. ನಾನು ಮೊದಲ ಸಲ ದಿಂಬು ಇಡದೆ ಮಾಡಿದೆ. ಧಡ್ ಅಂತ ಸದ್ದಾಯಿತು. ಅಡುಗೆಮನೆಯಿಂದ ಅಮ್ಮ, "ಏನೋ ಅದು, ಕುಕ್ಕರ್ ಬಿತ್ತೇನೋ?" ಅಂದರು. ಹಣೆಯ ಗುಬುಟು ಇಳಿಯಲು ನಾಲ್ಕು ದಿನ ಬೇಕಾಯಿತು.

ಬಿದ್ದದ್ದು ಯಾಕೆ ಅಂದರೆ ಕಾಲು ಎದ್ದಿತಾ ಅಂತ ಹಿಂದೆ ನೋಡಿದೆ. ತಲೆ ಹೋದ ಕಡೆ ಭಾರ ಹೋಗುತ್ತದೆ. ಕುಕ್ಕರಗಾಲಲ್ಲಿ ಕೂತು ಅಂಗೈ ಹೆಗಲಗಲಕ್ಕೆ ಊರಿ, ಬೆರಳು ಬಿಡಿಸಿ. ಮಂಡಿಯನ್ನು ತೋಳಿನ ಮೇಲೆ ಆದಷ್ಟು ಮೇಲಕ್ಕೆ, ಕಂಕುಳ ಹತ್ತಿರ ಇಡಿ. ಬೆರಳ ತುದಿಗಿಂತ ಒಂದು ಗೇಣು ಮುಂದೆ ನೆಲದಲ್ಲಿ ಒಂದು ಚುಕ್ಕೆ ಗುರುತು ಮಾಡಿ ಅದನ್ನೇ ನೋಡಿ. ನಿಧಾನಕ್ಕೆ ಮುಂದೆ ವಾಲಿ. ವಾಲುತ್ತಾ ವಾಲುತ್ತಾ ಕಾಲು ತಾನೇ ಹಗುರವಾಗುತ್ತದೆ. ಆಗ ಒಂದು ಪಾದ ಎತ್ತಿ, ಇಳಿಸಿ, ಇನ್ನೊಂದು ಎತ್ತಿ. ನೆಗೆಯಬೇಡಿ. ಎರಡು ವಾರ ಒಂದೊಂದೇ ಪಾದ ಎತ್ತಿದ ಮೇಲೆ ಎರಡೂ ಎದ್ದೇ ಏಳುತ್ತವೆ.

### ಸರ್ವಾಂಗಾಸನ

ಹೆಗಲ ಮೇಲೆ ನಿಂತು ಕಾಲು ನೆಟ್ಟಗೆ ಮೇಲಕ್ಕೆತ್ತುವ ಈ ಆಸನದಲ್ಲಿ ಮೇಲೆ ಹೋದ ಮೇಲೆ ತಲೆ ಆಡಿಸಲೇಬಾರದು. ಫೋನ್ ಬೋರಲು ಇರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಒಮ್ಮೆ ಗುರು ಕಾಲು ಎಲ್ಲಿಟ್ಟರು ಅಂತ ನೋಡಲು ಕತ್ತು ಅರ್ಧ ತಿರುಗಿಸಿದ್ದೆ. ಆಮೇಲೆ ಹತ್ತು ದಿನ ಸ್ಕೂಟರ್ ರಿವರ್ಸ್ ತೆಗೆಯಲು ಇಡೀ ಮೈ ತಿರುಗಿಸಬೇಕಾಯಿತು.

ಮೂರು ಕಂಬಳಿಗಳನ್ನು ಅಚ್ಚುಕಟ್ಟಾಗಿ ಮಡಿಸಿ, ಅಂಚು ಸರಿಹೊಂದಿಸಿ, ಒಂದರ ಮೇಲೊಂದು ಇಡಿ. ಹೆಗಲು ಕಂಬಳಿಯ ಮೇಲೆ, ಅಂಚಿನಿಂದ ಎರಡು ಅಂಗುಲ ಒಳಗೆ. ತಲೆ ಕೆಳಗೆ ನೆಲದ ಮೇಲೆ. ಹೀಗೆ ಮಾಡಿದರೆ ಕುತ್ತಿಗೆಗೆ ಜಾಗ ಸಿಗುತ್ತದೆ, ಭಾರ ಹೆಗಲು ಮತ್ತು ತೋಳಿಗೆ ಹೋಗುತ್ತದೆ. ಕೆಮ್ಮು, ಸೀನು ಬಂದರೆ ಕೆಳಗಿಳಿಯಿರಿ. ಮೊದಲ ತಿಂಗಳು ಸೇತುಬಂಧ (ಅಂಗಾತ ಮಲಗಿ ಸೊಂಟ ಎತ್ತುವುದು) ಮತ್ತು ಗೋಡೆಗೆ ಕಾಲು ಚಾಚುವುದು ಮಾಡಿಕೊಂಡಿದ್ದರೂ ನಷ್ಟವಿಲ್ಲ. ಮುಟ್ಟಿನ ದಿನಗಳಲ್ಲಿ ತಲೆಕೆಳಗಿನ ಆಸನ ಬಿಡುವುದು ರೂಢಿ.

ಶೀರ್ಷಾಸನ? ವಿಡಿಯೋ ನೋಡಿ ಕಲಿಯಬೇಡಿ. ಊರಲ್ಲಿ ಯಾರಾದರೂ ಗುರುಗಳು ಇದ್ದೇ ಇರುತ್ತಾರೆ, ನಾಲ್ಕೈದು ದಿನ ಹೋಗಿ ಅವರ ಕೈಯಲ್ಲಿ ಕಲಿತು ಬನ್ನಿ. ವಿಡಿಯೋದಲ್ಲಿ ಬಂದಾಗ ಅದರ ಬದಲು ಮುಂಗೈ ಊರಿದ ಅಧೋಮುಖ ಶ್ವಾನಾಸನ ಮಾಡಿ.

## ಹಂತ 8: ಈಗ ನಿಮ್ಮ ವಿಡಿಯೋ ತೆಗೆಯಿರಿ

ವಾರಕ್ಕೊಮ್ಮೆ ಫೋನನ್ನು ನಿಮ್ಮ ಕಡೆ ತಿರುಗಿಸಿ, ಪಕ್ಕದಿಂದ, ಸೊಂಟದ ಎತ್ತರಕ್ಕೆ ಇಟ್ಟು ರೆಕಾರ್ಡ್ ಮಾಡಿ. ಪೂರ್ತಿ ಬೇಡ, ಮೂರು ಚತುರಂಗ, ಒಂದು ಉಷ್ಟ್ರಾಸನ ಸಾಕು. ಮೊದಲ ಸಲ ನೋಡಿದಾಗ ಬೇಜಾರಾಗುತ್ತದೆ. ನೆಟ್ಟಗಿದೆ ಅಂದುಕೊಂಡ ಬೆನ್ನು ಬಾಳೆಕಾಯಿಯಂತೆ ಬಾಗಿರುತ್ತದೆ. ಒಂದು ಸಲಕ್ಕೆ ಒಂದೇ ತಪ್ಪು ಆರಿಸಿ, ಆ ವಾರವೆಲ್ಲ ಅದನ್ನು ಮಾತ್ರ ತಿದ್ದಿ.

## ಹಂತ 9: ಶವಾಸನ ಬಿಡಬೇಡಿ

ಗುರು "ಮಲಗಿ" ಅಂದ ತಕ್ಷಣ ವಿಡಿಯೋ ನಿಲ್ಲಿಸಿ ಸ್ನಾನಕ್ಕೆ ಓಡುವವರೇ ಹೆಚ್ಚು. ಏಳು ನಿಮಿಷದ ಅಲಾರಂ ಇಟ್ಟು ಮಲಗಿ. ಬೆವರು ಆರಿ ಚಳಿಯಾಗುತ್ತದೆ, ಒಂದು ಹೊದಿಕೆ ಇರಲಿ. ಏಳುವಾಗ ಬಲಮಗ್ಗುಲಿಗೆ ಹೊರಳಿ, ಕೈಯೂರಿ ಏಳಿ.

## ಯಾವ ನೋವು ಸರಿ, ಯಾವುದು ಅಲ್ಲ

ಮಾಂಸಖಂಡದ ನಡುವೆ ಹರಡಿದಂತೆ ಬರುವ ಎಳೆತ, ಮಾರನೇ ದಿನದ ಮೈಕೈ ನೋವು: ಇದು ಸಹಜ. ಎರಡು ಮೂರು ದಿನದಲ್ಲಿ ಹೋಗುತ್ತದೆ.

ಕೀಲಿನಲ್ಲಿ ಚುಳ್ ಅಂದರೆ ಅಲ್ಲೇ ನಿಲ್ಲಿಸಿ. ಮಂಡಿಯ ಒಳಬದಿ ನೋವು ಅರ್ಧಪದ್ಮ, ಪದ್ಮಾಸನಗಳಲ್ಲಿ ಬರುತ್ತದೆ. ತೊಡೆಯ ಬುಡ ತಿರುಗದೆ ಮಂಡಿಯನ್ನೇ ತಿರುಚಿದಾಗ ಆಗುವುದು ಅದು. ಕುಂಡಿಯ ಕೆಳಗೆ, ಕೂರುವ ಮೂಳೆಯ ಹತ್ತಿರ ಒಂದೇ ಚುಕ್ಕೆಯಲ್ಲಿ ನೋವಿದ್ದರೆ ತೊಡೆಯ ಹಿಂದಿನ ಸ್ನಾಯು ಮೂಳೆಗೆ ಅಂಟುವ ಜಾಗಕ್ಕೆ ಪೆಟ್ಟಾಗಿದೆ ಅಂತ ಅನುಮಾನಿಸಿ. ಜನ ಇಲ್ಲೇ ದೊಡ್ಡ ತಪ್ಪು ಮಾಡುತ್ತಾರೆ. ಬಿಗಿಯಾಗಿದೆ ಅಂದುಕೊಂಡು ಇನ್ನಷ್ಟು ಎಳೆಯುತ್ತಾರೆ. ಎಳೆಯಬೇಡಿ. ಮುಂದೆ ಬಾಗುವಾಗಲೆಲ್ಲ ಮಂಡಿ ಮಡಿಸಿ, ವಾರಗಟ್ಟಲೆ ಬೇಕಾದರೂ ಸರಿ.

ಕೈಕಾಲಿಗೆ ಜೋಮು ಹಿಡಿದು ಆಸನ ಬಿಟ್ಟ ಮೇಲೂ ಹೋಗದಿದ್ದರೆ, ನೋವು ಸೊಂಟದಿಂದ ಕಾಲಿಗೆ ಇಳಿದರೆ, ಕಣ್ಣು ಕತ್ತಲೆ ಬಂದರೆ, ಎದೆ ಹಿಡಿದಂತಾದರೆ ಅವತ್ತಿನ ಅಭ್ಯಾಸ ಮುಗಿಯಿತು. ಮುಂದಿನ ಮಾತು ಡಾಕ್ಟರ ಹತ್ತಿರ. ಎದೆಯದ್ದಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಇದಕ್ಕೆಲ್ಲ ಮೊದಲು ಬರುವ ಸೂಚನೆ ಒಂದಿದೆ. ನಿಮಗೇ ಗೊತ್ತಿಲ್ಲದೆ ಉಸಿರು ಹಿಡಿದಿರುತ್ತೀರಿ. ಹಲ್ಲು ಕಚ್ಚಿರುತ್ತೀರಿ. ಆಗ ಅರ್ಧ ಹಿಂದೆ ಬನ್ನಿ.

## ಹಂತ 10: ವಾರದ ಲೆಕ್ಕ

ವಾರಕ್ಕೆ ನಾಲ್ಕು ದಿನ ಸಾಕು. ಎರಡು ದಿನ ಪೂರ್ತಿ ಅಭ್ಯಾಸ, ನಡುವೆ ಒಂದು ದಿನ ಬಿಡುವು. ಒಂದು ದಿನ ಹಂತ 7ರಲ್ಲಿ ಒಂದು ಆಸನವನ್ನು ಹಿಡಿದು ಇಪ್ಪತ್ತು ನಿಮಿಷ ಬಿಡಿಬಿಡಿಯಾಗಿ ಮಾಡಿ. ಇನ್ನೊಂದು ದಿನ ಹಗುರವಾದದ್ದು, ಕೂತು ಮಲಗಿ ಮಾಡುವಂಥದ್ದು. ಅಷ್ಟಾಂಗದವರು ಅಮಾವಾಸ್ಯೆ, ಹುಣ್ಣಿಮೆಗೂ ರಜೆ ಹಾಕುತ್ತಾರೆ. ನೆಪ ಬೇಕಿದ್ದರೆ ಅದೂ ಆಯಿತು.

ಹೊಸ ಆಸನ ಒಂದು ಸಲಕ್ಕೆ ಒಂದೇ. ಈಗಿರುವುದರಲ್ಲಿ ಐದು ಉಸಿರು ಸಲೀಸಾಗಿ ನಿಂತ ಮೇಲೆ ಮುಂದಿನದು.

ಮದುವೆ, ಹಬ್ಬ, ಜ್ವರ ಅಂತ ಎರಡು ವಾರ ತಪ್ಪಿದರೆ ಬಿಟ್ಟಲ್ಲಿಂದ ಹಿಡಿಯಬೇಡಿ. ಮೊದಲ ಮೂರು ದಿನ ಚೀಟಿಯ ಅರ್ಧ ಮಾತ್ರ, ಚತುರಂಗವೆಲ್ಲ ಮಂಡಿಯೂರಿ, ಬಕಾಸನದ ಮುಂದೆ ಮತ್ತೆ ದಿಂಬು.